ಡಿ ಡ್ರೈವ್ ಎಲ್ಲಿ ಹೋತು?

ಕಂಪ್ಯೂಟರ್ ಕೆಟ್ಟಿಲ್ಲ. ಗುಂಡಿ ಒತ್ತಿದರೆ ಹತ್ತುತ್ತದೆ, ಪ್ರಿಂಟರ್ ಓಡುತ್ತದೆ, ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಂಘದ ಮಹಾಸಭೆಯ ನೋಟಿಸು ಎಲ್ಲವೂ ಅದರಲ್ಲೇ ತಯಾರಾಗುತ್ತವೆ. ಆದರೂ ರಿಪೇರಿಯವರು ಬಂದು ನೋಡಿ, "ಇದು ಮುಗೀತರಿ, ಹೊಸಾದು ತಗೋರಿ" ಅನ್ನುತ್ತಾರೆ. ಏಕಸಂಬಿ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಈ ಮಾತು ಈಗ ದಿನದ ಮಾತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಬೇಕಾದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಸಿಗುವ ಒಂದು ವ್ಯವಸ್ಥೆ ಇದೆ, ಅದಕ್ಕೂ ಹೆಸರು ನೋಂದಾಯಿಸಬೇಕು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಇರುವುದು ಎರಡನೇ, ಮೂರನೇ, ನಾಲ್ಕನೇ ತಲೆಮಾರಿನವು. ಅದರಲ್ಲೂ ಅರ್ಧ ಕೊಲ್ಹಾಪುರದಿಂದಲೋ ಬೆಳಗಾವಿಯಿಂದಲೋ ಸೆಕೆಂಡ್ ಹ್ಯಾಂಡ್ ತಂದವು.

ಹೀಗಾಗಿ ಊರಲ್ಲಿ ಕಂಪ್ಯೂಟರ್ ಗೊತ್ತಿರುವ ಹುಡುಗರು ಲಿನಕ್ಸ್ ಹಾಕಿ ಕೊಡುತ್ತಿದ್ದಾರೆ. ಲಿನಕ್ಸ್ ಮಿಂಟ್, ಉಬುಂಟು, ಝೋರಿನ್, ಏನೋ ಒಂದು. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲಿ ಹಗುರಾಗಿ ಓಡುತ್ತದೆ. ಇದು ಒಳ್ಳೆಯ ಕೆಲಸ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿ ಮೂವತ್ತು ನಲವತ್ತು ಸಾವಿರ ಸಾಲ ಮಾಡು ಅನ್ನುವುದಕ್ಕಿಂತ ನೂರು ಪಾಲು ಮೇಲು.

ತಕರಾರು ಇರುವುದು ಮರುದಿನ ಬೆಳಗ್ಗೆಯದು. ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ತಮ್ಮಾ, ಹ್ವಾದ ವರ್ಷ ಹಿರೇಮಗಳ ಲಗ್ನಪತ್ರಿಕಿ ಮಾಡ್ಕೊಟ್ಟಿದ್ದಿಲ್ಲ, ಅದರಾಗ ಹೆಸರಷ್ಟ ಬದಲ ಮಾಡಿ ಸಣ್ಣಾಕಿಗೂ ಮಾಡ್ಕೊಡೋ."

"ಮಾಡ್ತೀನ್ರಿ ಕಾಕಾ, ಆದರ ಫೈಲ್ ಡಿ ಡ್ರೈವ್‌ನಾಗ ಇತ್ರಿ. ಈಗ ಡಿ ಡ್ರೈವ್ ಎಲ್ಲಿ ಹೋತೋ ಏನೋ, ಕಾಣವಲ್ದು."

ಡಿ ಡ್ರೈವ್ ಎಲ್ಲಿಯೂ ಹೋಗಿರುವುದಿಲ್ಲ. ಆದರೆ ಕಾಕಾ ಬೇರೆ ಅಂಗಡಿಗೆ ಹೋಗಿರುತ್ತಾರೆ. ಎರಡು ದಿನ ಇದೇ ಆದರೆ ಅಂಗಡಿಯ ಹುಡುಗ "ಲಿನಕ್ಸ್ ಕೆಲಸಕ್ಕ ಬಾರದ್ದು" ಎಂದು ಕದ್ದ ವಿಂಡೋಸ್ ಹಾಕಿಸಿಕೊಳ್ಳುತ್ತಾನೆ, ಅದರ ಜೊತೆಗೆ ವೈರಸ್ಸೂ ಬರುತ್ತದೆ. ನನ್ನ ಸಿಟ್ಟು ಇಲ್ಲಿದೆ. ಹತ್ತು ನಿಮಿಷದ ಒಂದು ಜೋಡಣೆ ಮಾಡದೆ ಎದ್ದು ಹೋದದ್ದಕ್ಕೆ ಇಷ್ಟೆಲ್ಲ ಆಗುತ್ತದೆ. ಆ ಜೋಡಣೆಗೆ ಡ್ರೈವ್ ಮ್ಯಾಪಿಂಗ್ ಅನ್ನುತ್ತಾರೆ.

ಅದು ಏನು ಎಂದು ಹೊಲದ ಲೆಕ್ಕದಲ್ಲಿ ಹೇಳಬಹುದು. ವಿಂಡೋಸ್‌ನಲ್ಲಿ ಸಿ, ಡಿ, ಇ ಎನ್ನುವುದು ಉತಾರದ ಮೇಲಿನ ರಿ.ಸ. ನಂಬರ್ ಇದ್ದ ಹಾಗೆ. ನಂಬರ್ ಬೇರೆ, ಮಣ್ಣು ಬೇರೆ. ಉತಾರ ಕೈಗೆ ಸಿಗದಿದ್ದರೆ ಹೊಲ ಮಾಯವಾಗುವುದಿಲ್ಲ, ಅದು ದೂಧಗಂಗಾ ದಂಡೆಯಲ್ಲಿ ಇದ್ದಲ್ಲೇ ಇರುತ್ತದೆ. ಆದರೆ ಕಾಗದದ ಮೇಲೆ ನಂಬರ್ ನೋಡಿಯೇ ಕೆಲಸ ಮಾಡುವ ತಲಾಠಿಗೆ ನಂಬರ್ ಇಲ್ಲದ ಹೊಲ ತೋರಿಸಲು ಬರುವುದಿಲ್ಲ. ವಿಂಡೋಸ್ ತಂತ್ರಾಂಶಗಳು ಆ ತಲಾಠಿಯ ಹಾಗೆ. ಅಕ್ಷರ ಕೇಳುತ್ತವೆ.

ಲಿನಕ್ಸ್‌ನಲ್ಲಿ ಈ ಅಕ್ಷರಗಳ ಪದ್ಧತಿಯೇ ಇಲ್ಲ. ಅಲ್ಲಿ ಇಡೀ ಕಂಪ್ಯೂಟರಿಗೆ ಒಂದೇ ಬೇರು. ಹಾರ್ಡ್ ಡಿಸ್ಕ್ ಇರಲಿ, ಪೆನ್‌ಡ್ರೈವ್ ಇರಲಿ, ಮೊಬೈಲಿನ ಕಾರ್ಡ್ ಇರಲಿ, ಎಲ್ಲವೂ ಅದೇ ಗಿಡದ ಟೊಂಗೆ. ಪೆನ್‌ಡ್ರೈವ್ ಹಾಕಿದರೆ 'ಮೀಡಿಯಾ' ಎಂಬ ಫೋಲ್ಡರಿನ ಒಳಗೆ, ನಿಮ್ಮ ಹೆಸರಿನ ಫೋಲ್ಡರಿನ ಒಳಗೆ, ಪೆನ್‌ಡ್ರೈವಿನ ಹೆಸರಿನಲ್ಲಿ ಹೊಸ ಟೊಂಗೆ ಮೂಡುತ್ತದೆ. 1970ರ ದಶಕದ ಯುನಿಕ್ಸ್‌ನಿಂದ ಬಂದ ಪದ್ಧತಿ ಇದು. ಅಕ್ಷರದ ಪದ್ಧತಿಯೂ ಹೊಸದೇನಲ್ಲ. ಹಾರ್ಡ್ ಡಿಸ್ಕ್ ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿ ಕಂಪ್ಯೂಟರಿಗೆ ಎರಡು ಫ್ಲಾಪಿ ಇರುತ್ತಿದ್ದವು, ಅವಕ್ಕೆ ಎ ಮತ್ತು ಬಿ ಎಂದು ಹೆಸರು. ಆಮೇಲೆ ಬಂದ ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ಫ್ಲಾಪಿ ಹೋಗಿ ಕಾಲವಾಯಿತು, ಇವತ್ತಿಗೂ ನಾವು ಸಿ ಇಂದಲೇ ಎಣಿಕೆ ಶುರು ಮಾಡುತ್ತೇವೆ.

ಇವೆರಡರ ನಡುವೆ ದುಭಾಷಿಯ ಕೆಲಸ ಮಾಡುವುದು ವೈನ್ ಎಂಬ ತಂತ್ರಾಂಶ. (ಹೆಸರು ಕೇಳಿ ನಗಬೇಡಿ, ಕುಡಿಯುವುದಲ್ಲ.) ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವುದು ಅದರ ಕೆಲಸ. 1993ರಲ್ಲಿ ಶುರುವಾಗಿ, ಹದಿನೈದು ವರ್ಷ ತಿದ್ದಿ ತೀಡಿ, 2008ರ ಜೂನ್‌ನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಕನ್ನಡ, ಮರಾಠಿ ಎರಡೂ ಗೊತ್ತಿರುವ ನಮ್ಮ ಗಡಿ ಭಾಗದವರಿಗೆ ದುಭಾಷಿಯ ಕಷ್ಟ ಹೇಳಬೇಕಾಗಿಲ್ಲ. ಮಾತು ದಾಟುತ್ತದೆ, ಕೆಲವು ಹೆಸರು ಮಾತ್ರ ನಡುವೆ ಬಿದ್ದು ಹೋಗುತ್ತವೆ.

ವೈನ್ ತನ್ನಷ್ಟಕ್ಕೆ ಎರಡು ಅಕ್ಷರ ಹಂಚುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ 'ವೈನ್' ಎಂಬ ಅಡಗಿದ ಫೋಲ್ಡರ್ ಇರುತ್ತದೆ. ಹೆಸರಿನ ಮುಂದೆ ಒಂದು ಚುಕ್ಕೆ ಇರುವುದರಿಂದ ಕಾಣುವುದಿಲ್ಲ, ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಅದರೊಳಗಿನ ಒಂದು ಸಾದಾ ಫೋಲ್ಡರಿಗೇ 'ಸಿ' ಎಂದು ಹೆಸರು. ನೀವು ಅಂದುಕೊಂಡ ಹಳೆಯ ಸಿ ಡ್ರೈವ್ ಅದಲ್ಲ. ಇನ್ನೊಂದು ಅಕ್ಷರ 'ಝಡ್', ಅದು ಇಡೀ ಕಂಪ್ಯೂಟರಿನ ಬೇರು. ಅಂದರೆ ನಿಮ್ಮ ಲಗ್ನಪತ್ರಿಕೆಯ ಫೈಲು ಹುಡುಕಿದರೆ ಝಡ್ ಒಳಗೆ, ಮೀಡಿಯಾ ಒಳಗೆ, ಹೆಸರಿನ ಒಳಗೆ, ಎಲ್ಲೋ ಸಿಕ್ಕೇ ಸಿಗುತ್ತದೆ. ಡಿ ಎಂಬ ಅಕ್ಷರ ಮಾತ್ರ ಯಾರಿಗೂ ಕೊಟ್ಟಿರುವುದಿಲ್ಲ. ನಾವೇ ಕೊಡಬೇಕು.

ಕೊಡುವುದು ಸುಲಭ. ವೈನ್ ಕಾನ್ಫಿಗರೇಶನ್ ಕಿಟಕಿ ತೆರೆದು, ಡ್ರೈವ್ಸ್ ಎಂಬ ಟ್ಯಾಬ್ ಒತ್ತಿ, ಆ್ಯಡ್ ಎಂದು ಕೊಟ್ಟು ಡಿ ಅಕ್ಷರ ಆರಿಸಿ, ಅದರ ಎದುರಿಗೆ ನಿಮ್ಮ ಹಳೆಯ ಡಿ ಪಾರ್ಟಿಶನ್ ಎಲ್ಲಿದೆಯೋ ಆ ಫೋಲ್ಡರ್ ತೋರಿಸಿ, ಅಪ್ಲೈ ಒತ್ತುವುದು. ಅಷ್ಟೇ.

ಅಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಮರುದಿನ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೆ ಡಿ ಖಾಲಿ ಕಾಣಬಹುದು. ಏಕೆಂದರೆ ಬಹಳಷ್ಟು ಲಿನಕ್ಸ್‌ಗಳಲ್ಲಿ ಹಳೆಯ ವಿಂಡೋಸ್ ಪಾರ್ಟಿಶನ್ ಮೇಲೆ ನೀವು ಒಮ್ಮೆ ಕ್ಲಿಕ್ ಮಾಡುವವರೆಗೂ ಅದು ಗಿಡಕ್ಕೆ ಕೂಡಿಕೊಳ್ಳುವುದೇ ಇಲ್ಲ. ಡಿ ಎಂಬ ಬೋರ್ಡು ಇದೆ, ಬೋರ್ಡಿನ ಹಿಂದೆ ಹೊಲ ಇಲ್ಲ. ಇದಕ್ಕೆ ಡಿಸ್ಕ್ಸ್ ಎಂಬ ತಂತ್ರಾಂಶ ತೆರೆದು, ಆ ಪಾರ್ಟಿಶನ್ ಆರಿಸಿ, ಮೌಂಟ್ ಆಪ್ಶನ್ಸ್‌ನಲ್ಲಿ ಚಾಲೂ ಆದ ಕೂಡಲೇ ತಾನಾಗಿ ಕೂಡಿಕೊಳ್ಳುವ ಹಾಗೆ, ಯಾವಾಗಲೂ ಒಂದೇ ಜಾಗದಲ್ಲಿ ಕೂಡಿಕೊಳ್ಳುವ ಹಾಗೆ ಮಾಡಬೇಕು. ಮಾಡುವವರು ಇದನ್ನೇ ಮರೆಯುತ್ತಾರೆ. ತಾವು ಕೂತಾಗ ಕ್ಲಿಕ್ ಮಾಡಿರುತ್ತಾರೆ, ಎಲ್ಲ ಸರಿ ಕಂಡಿರುತ್ತದೆ, ಎದ್ದು ಹೋಗಿರುತ್ತಾರೆ.

ಎರಡು ವಿಂಡೋ ಇಟ್ಟುಕೊಂಡವರಿಗೆ, ಅಂದರೆ ಒಂದೇ ಯಂತ್ರದಲ್ಲಿ ಲಿನಕ್ಸೂ ವಿಂಡೋಸೂ ಇಟ್ಟುಕೊಂಡವರಿಗೆ, ಇನ್ನೊಂದು ಗಂಟು ಇದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಬಂದ್ ಆಗುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸ್ ಆ ಪಾರ್ಟಿಶನ್ನನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಫೈಲ್ ತೆರೆಯುತ್ತದೆ, ತಿದ್ದಿ ಸೇವ್ ಮಾಡಿದರೆ ಆಗುವುದಿಲ್ಲ. ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದರೆ ಮುಗಿಯಿತು.

ಪೆನ್‌ಡ್ರೈವ್‌ದು ಬೇರೆ ಕಥೆ. ಅದನ್ನು ಹಾಕಿದಾಗ ವೈನ್ ಸಾಮಾನ್ಯವಾಗಿ ತಾನೇ ಒಂದು ಖಾಲಿ ಅಕ್ಷರ ಹುಡುಕಿ ಕೊಡುತ್ತದೆ. ನೀವು ಡಿ ಅಕ್ಷರವನ್ನು ಮೊದಲೇ ನಿಮ್ಮ ಪಾರ್ಟಿಶನ್‌ಗೆ ಕಟ್ಟಿಡದಿದ್ದರೆ ಯಾರದೋ ಗಿರಾಕಿಯ ಪೆನ್‌ಡ್ರೈವ್ ಬಂದು ಡಿ ಮೇಲೆ ಕೂರುತ್ತದೆ. ಬಸ್ಸಿನಲ್ಲಿ ಕರವಸ್ತ್ರ ಹಾಕದೆ ಇಳಿದ ಸೀಟಿನ ಹಾಗೆ. ಹಾಗೆಯೇ ಒಂದೇ ಹೆಸರಿನ ಎರಡು ಪೆನ್‌ಡ್ರೈವ್ ಒಟ್ಟಿಗೆ ಹಾಕಿದರೆ ಎರಡನೆಯದರ ಹೆಸರಿನ ಕೊನೆಗೆ 1 ಎಂದು ಅಂಟಿಕೊಳ್ಳುತ್ತದೆ, ಹಿಂದೆ ತೋರಿಸಿಟ್ಟ ದಾರಿ ಅಲ್ಲಿಗೆ ತಪ್ಪುತ್ತದೆ.

ಇಷ್ಟಕ್ಕೂ ಅಕ್ಷರ ಯಾಕೆ ಬೇಕು, ಝಡ್ ಒಳಗೆ ಹೊಕ್ಕು ಫೈಲ್ ಹುಡುಕಿ ತೆರೆದರೆ ಆಗದೇ ಎಂದು ಕೇಳಬಹುದು. ಒಂದು ಫೈಲ್ ಆದರೆ ಆದೀತು. ಆದರೆ ನಮ್ಮ ಡಿಟಿಪಿ ಅಂಗಡಿಗಳ ಅನ್ನ ಇರುವುದು ಪೇಜ್‌ಮೇಕರ್‌ನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು, ಕಂಪನಿ ಅದನ್ನು ಬಿಟ್ಟು ಇನ್‌ಡಿಸೈನ್ ಕಡೆ ಹೋಗಿ ಇಪ್ಪತ್ತು ವರ್ಷ ದಾಟಿತು. ಆದರೂ ಹಳ್ಳಿಯಿಂದ ಜಿಲ್ಲಾ ಕೇಂದ್ರದವರೆಗೆ ಕನ್ನಡದ ಸಣ್ಣ ಮುದ್ರಣ ಎಷ್ಟೋ ಕಡೆ ಇನ್ನೂ ಅದರ ಮೇಲೆ ನಿಂತಿದೆ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಪುಟದ ಫೈಲಿನ ಒಳಗೆ ಇಟ್ಟುಕೊಳ್ಳುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಬರೆದಿಟ್ಟುಕೊಳ್ಳುತ್ತದೆ. "ಡಿ ಡ್ರೈವ್, ಫೋಟೋ ಫೋಲ್ಡರ್, ಗಣಪತಿ" ಎಂದು. ಡಿ ಇಲ್ಲದಿದ್ದರೆ ಪುಟ ತೆರೆಯುತ್ತದೆ, ಗಣಪತಿ ಇರುವುದಿಲ್ಲ, ಅಥವಾ ಮಸುಕಾದ ನೆರಳು ಇರುತ್ತದೆ, ಪ್ರಿಂಟಿಗೆ ಕೊಟ್ಟರೆ ಚೌಕ ಚೌಕವಾಗಿ ಬರುತ್ತದೆ. ನೂರಾರು ಪತ್ರಿಕೆಗಳಲ್ಲಿ ಒಂದೊಂದರಲ್ಲೂ ಕೂತು ಗಣಪತಿಯನ್ನು ಮತ್ತೆ ತೋರಿಸುತ್ತಾ ಹೋಗಲು ಯಾರಿಗೆ ಪುರುಸೊತ್ತಿದೆ? ಡಿ ಅಕ್ಷರ ಮೊದಲಿದ್ದ ಹಾಗೆಯೇ, ಮೊದಲಿನ ಫೋಲ್ಡರುಗಳ ಸಮೇತ, ಅದೇ ಜಾಗಕ್ಕೆ ಕಟ್ಟಿದರೆ ಆ ಗಣಪತಿಗಳೆಲ್ಲ ತಂತಮ್ಮ ಸ್ಥಾನಕ್ಕೆ ಬಂದು ಕೂರುತ್ತಾರೆ.

ಲೆಕ್ಕದ ತಂತ್ರಾಂಶಗಳಲ್ಲಿಯೂ ಇದೇ. ಹಾಲಿನ ಸಂಘ, ಪತ್ತಿನ ಸಂಘ, ಗೊಬ್ಬರದ ಅಂಗಡಿ, ಎಲ್ಲಿ ಟ್ಯಾಲಿ ಓಡುತ್ತದೋ ಅಲ್ಲಿ ಅದರ ಡೇಟಾ ಎಲ್ಲಿದೆ ಎಂಬುದು ಒಂದು ಸಣ್ಣ ಫೈಲಿನಲ್ಲಿ ಅಕ್ಷರ ಸಮೇತ ಬರೆದಿರುತ್ತದೆ. ಆ ಅಕ್ಷರ ಸಿಗದಿದ್ದರೆ ತಂತ್ರಾಂಶ ತೆರೆದು "ಕಂಪನಿ ಇಲ್ಲ" ಎನ್ನುವ ಹಾಗೆ ಖಾಲಿ ಮುಖ ತೋರಿಸುತ್ತದೆ. ಸಂಘದ ಕಾರ್ಯದರ್ಶಿಯ ಎದೆ ಆಗ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಯೋಚಿಸಿ. ಎಷ್ಟೋ ಜನರ ಹಾಲಿನ ಬಿಲ್ಲು ಅದರಲ್ಲಿರುತ್ತದೆ. ಆ ಗಾಬರಿಯಲ್ಲಿ ಹೊಸ ಕಂಪನಿ ತೆರೆದು ಮೊದಲಿನಿಂದ ಎಂಟ್ರಿ ಹಾಕಲು ಶುರು ಮಾಡುವವರೂ ಇದ್ದಾರೆ. ಹಾಗೆ ಮಾಡಬೇಡಿ. ಮುಟ್ಟಬೇಡಿ. ಮೊದಲು ಅಕ್ಷರ ನೋಡಿ.

ಕೆಲವು ಹಳೆಯ ತಂತ್ರಾಂಶಗಳು ಅಕ್ಷರ ಅಷ್ಟೇ ಅಲ್ಲ, ಆ ಡ್ರೈವಿನ ಹೆಸರು, ಸೀರಿಯಲ್ ನಂಬರ್ ಕೂಡ ಕೇಳುತ್ತವೆ, ಲೈಸೆನ್ಸ್ ಅದಕ್ಕೆ ಕಟ್ಟಿರುತ್ತಾರೆ. ಕೆಲವು ಸಿಡಿಯೇ ಇರಬೇಕು ಎಂದು ಹಟ ಹಿಡಿಯುತ್ತವೆ. ಅದೇ ಡ್ರೈವ್ಸ್ ಟ್ಯಾಬಿನಲ್ಲಿ ಅಡ್ವಾನ್ಸ್‌ಡ್ ಎಂದು ಒತ್ತಿದರೆ ಇದು ಹಾರ್ಡ್ ಡಿಸ್ಕೋ, ನೆಟ್‌ವರ್ಕಿನದೋ, ಫ್ಲಾಪಿಯೋ, ಸಿಡಿಯೋ ಎಂದು ಹೇಳಲು, ಲೇಬಲ್ ಮತ್ತು ಸೀರಿಯಲ್ ಬರೆಯಲು ಜಾಗ ಇದೆ. ನೀವು ಹಣ ಕೊಟ್ಟು ಕೊಂಡ ತಂತ್ರಾಂಶವನ್ನು ನಿಮ್ಮದೇ ಯಂತ್ರದಲ್ಲಿ ಓಡಿಸಿಕೊಳ್ಳಲು ಇದು ಉಪಯೋಗಕ್ಕೆ ಬರುತ್ತದೆ.

ಎರಡು ಕಂಪ್ಯೂಟರ್ ಇರುವ ಅಂಗಡಿಗಳ ಮಾತು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ನಡುವೆ ಒಂದು ವೈರು. ಇವೆರಡೂ ಮಾತಾಡಲು ಬಳಸುವ ತಂತ್ರಾಂಶದ ಹೆಸರು ಸಾಂಬಾ! ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಹೊತ್ತಿಗೆ ಶುರು ಮಾಡಿದ್ದು. ನಮ್ಮೂರನ್ನು ಜನ ಯಕ್ಸಂಬಾ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಮೊದಲ ಸಲ ಓದಿದಾಗ ಖುಷಿಯಾಗಿತ್ತು. ಇಲ್ಲಿಯ ತೊಡಕು ಏನೆಂದರೆ, ಲಿನಕ್ಸಿನ ಫೈಲ್ ಕಿಟಕಿಯಲ್ಲಿ ಆ ಕಡೆಯ ಕಂಪ್ಯೂಟರ್ ಚೆನ್ನಾಗಿ ಕಾಣುತ್ತದೆ, ಆದರೆ ವೈನ್ ಒಳಗಿನ ತಂತ್ರಾಂಶಕ್ಕೆ ಆ ದಾರಿ ಸರಿಯಾಗಿ ಸಿಗುವುದಿಲ್ಲ. ಹಂಚಿಕೊಂಡ ಫೋಲ್ಡರನ್ನು ಮೊದಲು ಲಿನಕ್ಸಿನಲ್ಲಿ ಒಂದು ಖಾಯಂ ಜಾಗಕ್ಕೆ ಮೌಂಟ್ ಮಾಡಿ, ಆಮೇಲೆ ಆ ಜಾಗಕ್ಕೆ ವೈನ್‌ನಲ್ಲಿ ಅಕ್ಷರ ಕೊಡಬೇಕು.

ಈಚೆಗೆ ಬಾಟಲ್ಸ್ ಎಂಬ ತಂತ್ರಾಂಶದ ಮೂಲಕ ವೈನ್ ಹಾಕುವುದು ಹೆಚ್ಚಾಗಿದೆ. ನೋಡಲು ಚೆಂದ. ಆದರೆ ಅದು ಫ್ಲ್ಯಾಟ್‌ಪ್ಯಾಕ್ ಎಂಬ ಪೆಟ್ಟಿಗೆಯೊಳಗೆ ಓಡುತ್ತದೆ, ಪೆಟ್ಟಿಗೆಯ ಹೊರಗಿನದು ಅದಕ್ಕೆ ಕಾಣುವುದಿಲ್ಲ. ನೀವು ಡಿ ಎಂದು ಸರಿಯಾಗಿ ತೋರಿಸಿದರೂ ಒಳಗೆ ಖಾಲಿ. ಫ್ಲ್ಯಾಟ್‌ಸೀಲ್ ಎಂಬ ಇನ್ನೊಂದು ಸಲಕರಣೆಯಿಂದ ಆ ಫೋಲ್ಡರಿಗೆ ಪರವಾನಗಿ ಕೊಟ್ಟ ಮೇಲೆ ಕಾಣುತ್ತದೆ.

ಈ ಪರವಾನಗಿಯ ಕಿರಿಕಿರಿ ಸುಮ್ಮನೆ ಇಟ್ಟದ್ದಲ್ಲ. ಸಾದಾ ವೈನ್‌ನಲ್ಲಿ ಝಡ್ ಎಂದರೆ ಇಡೀ ಕಂಪ್ಯೂಟರ್ ಎಂದೆನಲ್ಲ, ಅದರ ಅರ್ಥ ಗಿರಾಕಿಯ ಪೆನ್‌ಡ್ರೈವಿನಲ್ಲಿ ಬಂದ ವಿಂಡೋಸ್ ವೈರಸ್ ವೈನ್‌ನಲ್ಲಿ ಓಡಿತೆಂದರೆ ನಿಮ್ಮ ಹೋಮ್ ಫೋಲ್ಡರಿನ ಫೈಲುಗಳಿಗೂ ಕೈ ಹಾಕಬಲ್ಲದು. "ಲಿನಕ್ಸ್‌ಗೆ ವೈರಸ್ ಬರೂದಿಲ್ಲ" ಎಂದು ಹೇಳಿ ಮಾರುವವರು ಈ ಮಾತು ಹೇಳುವುದಿಲ್ಲ. ಝಡ್ ಅಕ್ಷರ ತೆಗೆದುಹಾಕಬಹುದು, ಸ್ವಲ್ಪ ಆಸರೆ, ಆದರೆ ಅದು ಗಟ್ಟಿ ಬಾಗಿಲಲ್ಲ. ಗಿರಾಕಿಯ ಪೆನ್‌ಡ್ರೈವಿನ ಫೈಲನ್ನು ವೈನ್‌ನಲ್ಲಿ ನೇರ ಓಡಿಸದಿರುವುದೇ ಚಲೋ. ಪಿಡಿಎಫ್, ಫೋಟೋ, ವರ್ಡ್ ಫೈಲ್ ತೆರೆಯಲು ವೈನ್ ಬೇಕಾಗಿಯೇ ಇಲ್ಲ.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಡಿ ಡ್ರೈವ್ ಹುಡುಕುವ ಈ ಪರದಾಟದಲ್ಲಿ ಎಷ್ಟು ಭಾಗ ನಿಜವಾಗಿ ಬೇಕಾಗಿತ್ತು? ಅಂಗಡಿಯವರನ್ನು ವೈನ್ ಯಾಕೆ ಎಂದು ಕೇಳಿದರೆ ಮೊದಲು ಬರುವ ಉತ್ತರ "ನುಡಿ ಬೇಕಲ್ರಿ." ನುಡಿ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶ, ಜನರಿಗೆ ಪುಕ್ಕಟೆ ಹಂಚಿದ್ದು. ಅದು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಇವೆರಡೂ ಇಲ್ಲದಿದ್ದರೆ ಹಳ್ಳಿಯ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಎರಡೂ ವಿಂಡೋಸ್‌ಗಾಗಿ ಆದವು. ನಮ್ಮ ತೆರಿಗೆ ಹಣದಲ್ಲಿ ಆದ ನುಡಿ, ಒಂದು ಪರದೇಶಿ ಕಂಪನಿಯ ಅಂಗಳದಲ್ಲಿ ಮಾತ್ರ ಆಡಬಲ್ಲ ಕೂಸಾಯಿತು. ಆ ಕಂಪನಿ ಅಂಗಳದ ಬಾಗಿಲು ಹಾಕಿದರೆ ಕೂಸು ಹೊರಗೆ.

ಟೈಪ್ ಮಾಡುವುದಕ್ಕೆ ಮಾತ್ರ ನುಡಿ ಬೇಕು ಅನ್ನುವವರಿಗೆ ಒಂದು ಸುದ್ದಿ: ಬೇಡ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಿಮ್ಮ ಬೆರಳಿಗೆ ರೂಢಿಯಾದ ಆ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಮೊದಲಿನಿಂದಲೇ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಕಗಪ ಎಂದು ಹುಡುಕಿ. ಅದನ್ನು ಸೇರಿಸಿಕೊಂಡರೆ ಯಾವ ತಂತ್ರಾಂಶದಲ್ಲಾದರೂ ಯುನಿಕೋಡ್ ಕನ್ನಡ ನೇರ ಬರುತ್ತದೆ. ವೈನ್ ಒಳಗೆ ಕೀಲಿಮಣೆ ತಂತ್ರಾಂಶ ಓಡಿಸಿದರೂ ಅದು ವೈನ್ ಒಳಗಿನ ಕಿಟಕಿಗಳಿಗೆ ಮಾತ್ರ, ಲಿಬ್ರೆ ಆಫೀಸ್‌ನಂಥ ಲಿನಕ್ಸ್ ತಂತ್ರಾಂಶಕ್ಕೆ ಅದರ ಕೈ ಮುಟ್ಟುವುದಿಲ್ಲ. ಅದಕ್ಕಾಗಿ ಗಂಟೆಗಟ್ಟಲೆ ತಿಣುಕುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ಹಳೆಯ ಫೈಲ್ ಓದುವುದು ಬೇರೆ ಪ್ರಶ್ನೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫೈಲುಗಳಲ್ಲಿ ಇರುವುದು ನಿಜವಾದ ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ನುಡಿಯ ಫೈಲ್ ತೆರೆದರೆ 'ಕನ್ನಡ' ಎಂಬ ಪದದ ನಡುವೆ ಬ್ರಿಟಿಷರ ಪೌಂಡಿನ ಗುರುತು ಕಾಣುತ್ತದೆ! ಇದಕ್ಕೂ ವೈನ್ ಬೇಡ. ಹಳೆಯ ಡ್ರೈವಿನಿಂದ ನುಡಿ ಫಾಂಟ್ ಫೈಲುಗಳನ್ನು ಲಿನಕ್ಸಿನಲ್ಲಿ ಹಾಕಿಕೊಂಡರೆ ಲಿಬ್ರೆ ಆಫೀಸ್ ಆ ವರ್ಡ್ ಫೈಲುಗಳನ್ನು ಕನ್ನಡದಲ್ಲೇ ತೋರಿಸುತ್ತದೆ. ಅಲ್ಲಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ, ಒಮ್ಮೆ ಕಣ್ಣಾಡಿಸಬೇಕು. ಪೇಜ್‌ಮೇಕರ್ ಫೈಲನ್ನೂ ಲಿಬ್ರೆ ಆಫೀಸಿನ ಡ್ರಾ ತೆರೆಯುತ್ತದೆ, 2015ರ 4.4 ಆವೃತ್ತಿಯಿಂದ ಆ ಸೌಲಭ್ಯ ಇದೆ. ಕೋರೆಲ್‌ಡ್ರಾ ಫೈಲಿಗೆ ಇನ್ನೂ ಮೊದಲಿನಿಂದ ಇದೆ. ಪುಟ ಹೇಗಿತ್ತೋ ಹಾಗೇ ಬರುತ್ತದೆ ಎಂದು ನಂಬಬೇಡಿ, ಜೋಡಣೆ ಏರುಪೇರಾಗುತ್ತದೆ. ಒಳಗಿನ ಅಕ್ಷರ ಎತ್ತಿಕೊಳ್ಳಲು ಸಾಕು.

ನಾವು ಪತ್ರಿಕೋದ್ಯಮ ಓದಿದವರು ಇದನ್ನು ಯಾಕೆ ಇಷ್ಟು ಹಚ್ಚಿಕೊಳ್ಳಬೇಕು? ಗಡಿ ತಾಲೂಕುಗಳ ಸಣ್ಣ ವಾರಪತ್ರಿಕೆಗಳ ಹಳೆಯ ಸಂಚಿಕೆಗಳು ಎಲ್ಲಿವೆ ಎಂದು ಕೇಳಿ ನೋಡಿ. ಕಾಗದದ ಪ್ರತಿ ರದ್ದಿಗೆ ಹೋಗಿದೆ. ಉಳಿದದ್ದು ಯಾವುದೋ ಡಿಟಿಪಿ ಅಂಗಡಿಯ ಡಿ ಡ್ರೈವಿನಲ್ಲಿ, ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಫೈಲಿನಲ್ಲಿ. ನೆರೆ ಬಂದ ವರ್ಷದ ವರದಿ, ಕಬ್ಬಿನ ಬಿಲ್ಲಿಗಾಗಿ ನಡೆದ ಹೋರಾಟ, ಪಂಚಾಯಿತಿ ಚುನಾವಣೆ, ಯಾರೂ ಬೇರೆ ಎಲ್ಲೂ ಬರೆಯದ ಊರಿನ ಸುದ್ದಿ. ನಮ್ಮೂರಿನ ನೇಮಿನಾಥ ಬಸದಿಯ ಶಾಸನ 12ನೇ ಶತಮಾನದ್ದು. ಹಳಗನ್ನಡ ಬಲ್ಲವರು ಇವತ್ತಿಗೂ ಅಂಥ ಕಲ್ಲಿನ ಎದುರು ನಿಂತು ಓದುತ್ತಾರೆ, ಫಾಂಟು ಕೇಳುವುದಿಲ್ಲ, ಡ್ರೈವ್ ಕೇಳುವುದಿಲ್ಲ. 2005ರ ಸಂಚಿಕೆಯನ್ನು ಇವತ್ತು ತೆರೆಯಲು ಮೂರು ತಂತ್ರಾಂಶ ಬೇಕು.

ಬೇರೆಯವರು ಇದನ್ನು ಮೊದಲೇ ಯೋಚಿಸಿದ್ದಾರೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿಯ ಮಕ್ಕಳು ಕಲಿಯುವುದೇ ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಡಿ ಡ್ರೈವ್ ಎಲ್ಲಿ ಹೋಯಿತು ಎಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ, ಅವರು ಅಕ್ಷರಕ್ಕೆ ಯಾವತ್ತೂ ಕಟ್ಟಿಕೊಂಡಿಲ್ಲ. ನಮ್ಮಲ್ಲಿಯೂ ಶಿಕ್ಷಕರಿಗೆ ಉಬುಂಟು ತರಬೇತಿ ಕೊಟ್ಟ ಪ್ರಯತ್ನ ಆಗಿತ್ತು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಒಳ್ಳೆಯ ಕೆಲಸವೂ ಆಯಿತು. ಅದು ಶಾಲೆಯ ಗೋಡೆ ದಾಟಿ ಡಿಟಿಪಿ ಅಂಗಡಿಗೆ ಬರಲಿಲ್ಲ.

ಸರ್ಕಾರ ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ತಾನೇ ಹಂಚಿದ ನುಡಿಯ ಹಳೆಯ ಫೈಲುಗಳನ್ನು ಯುನಿಕೋಡಿಗೆ ತರುವ, ಲಿನಕ್ಸಿನಲ್ಲಿಯೂ ಓಡುವ, ಒತ್ತಕ್ಷರ ತಪ್ಪದ ಒಂದು ಪರಿವರ್ತಕ ಮಾಡಿಸಿ ಅದರ ಮೂಲ ಸಂಕೇತ ಎಲ್ಲರಿಗೂ ಬಿಡಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಕರೆದು ಕಂಪ್ಯೂಟರ್ ಇಡುತ್ತಿದ್ದಾರೆ. ಅಲ್ಲಿ ವಾರಕ್ಕೊಂದು ದಿನ ಊರಿನವರ ಹಳೆಯ ಫೈಲು ಬದಲಿಸಿ ಕೊಡುವ ಕೆಲಸ ಇಡಬಹುದು.

ಎಲ್ಲರೂ ಇವತ್ತೇ ಲಿನಕ್ಸ್‌ಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಬೆರಳಚ್ಚು ಯಂತ್ರ ಇಟ್ಟುಕೊಂಡು ಆಧಾರ್ ಕೆಲಸ ಮಾಡುವವರು, ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ಓಡುವ ತಂತ್ರಾಂಶ ಇರುವವರು ಒಂದು ವಿಂಡೋಸ್ ಯಂತ್ರ ಇಟ್ಟುಕೊಳ್ಳಲೇಬೇಕು. ವಿಂಡೋಸಿನ ಯಂತ್ರಾಂಶ ಡ್ರೈವರುಗಳನ್ನು ವೈನ್ ನಡೆಸಿಕೊಡುವುದಿಲ್ಲ, ಅಲ್ಲಿ ಅಕ್ಷರ ಎಷ್ಟು ಕಟ್ಟಿದರೂ ಪ್ರಯೋಜನ ಇಲ್ಲ. ಇದನ್ನು ಮೊದಲೇ ಹೇಳದೆ ಲಿನಕ್ಸ್ ಹಾಕಿ ಹೋಗುವ ಹುಡುಗರ ಮೇಲೆ ನನಗೆ ಹೊಸ ಕಂಪ್ಯೂಟರ್ ಮಾರುವವರ ಮೇಲಿರುವಷ್ಟೇ ಸಿಟ್ಟಿದೆ.

ಹಾಕಿಕೊಡುವ ಹುಡುಗರಿಗೆ ಒಂದು ಮಾತು. ಡ್ರೈವ್ ಕಟ್ಟಿಕೊಡಲು ಇನ್ನೂರು ರೂಪಾಯಿ ಹೆಚ್ಚು ತಗೊಳ್ಳಿ, ಆದರೆ ಕಟ್ಟಿಕೊಡಿ. ಕಟ್ಟಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ, ಅಂಗಡಿಯವರ ಕೈಯಿಂದಲೇ ಹಳೆಯ ಒಂದು ಪೇಜ್‌ಮೇಕರ್ ಫೈಲ್ ತೆರೆಸಿ, ಚಿತ್ರ ಸಮೇತ ಪ್ರಿಂಟ್ ತೆಗೆಸಿ, ಆಮೇಲೆ ಚಹಾ ಕುಡಿದು ಹೋಗಿ.

ಅಂಗಡಿ ಇಟ್ಟುಕೊಂಡವರು, ಸಂಘ ನಡೆಸುವವರು ವಿಂಡೋಸ್ ತೆಗೆಸುವ ಮೊದಲು ಎರಡು ಕೆಲಸ ಮಾಡಿಕೊಳ್ಳಿ. ಡಿ, ಇ ಏನೇನಿದೆಯೋ ಎಲ್ಲವನ್ನೂ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಪೇಜ್‌ಮೇಕರ್, ಟ್ಯಾಲಿ ಎಷ್ಟೋ ಸಲ ಸಿ ಡ್ರೈವಿನಲ್ಲೇ ಡೇಟಾ ಇಟ್ಟಿರುತ್ತವೆ, ಡೆಸ್ಕ್‌ಟಾಪಿನ ಮೇಲೆ ಇಟ್ಟ ಫೈಲುಗಳೂ ಸಿ ಡ್ರೈವಿನಲ್ಲೇ ಇರುತ್ತವೆ, ಅವನ್ನೂ ಬಿಡಬೇಡಿ. ಇನ್ನೊಂದು, ದಿಸ್ ಪಿಸಿ ಎಂಬ ಕಿಟಕಿ ತೆರೆದು ಅಕ್ಷರಗಳು, ಅವುಗಳ ಹೆಸರು, ಸೈಜು ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮರುದಿನ ಯಾರು ಕೂತರೂ ಯಾವ ಅಕ್ಷರ ಎಲ್ಲಿ ಕಟ್ಟಬೇಕು ಎಂಬುದು ಆ ಫೋಟೋ ನೋಡಿದರೆ ಗೊತ್ತಾಗುತ್ತದೆ.